ಶಾಲಿನೊಳಗಿನ ಕೋತಿ

ಕೈಚಳಕದಲ್ಲಿ ನನ್ನನ್ನು ಮೀರಿಸುವವರು ಮಧುಗಿರಿಯಲ್ಲಿ ಯಾರೂ ಇಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ಅದಕ್ಕೆ ಆಧಾರಗಳೂ ಇದ್ದವು. ಬೀಜದ ಡಿಪೋದಲ್ಲಿ ಗುಮಾಸ್ತನಾಗಿದ್ದ ನಾನು ಕಡಲೆಕಾಯಿಬೀಜವನ್ನು ಮುಷ್ಟಿಯಲ್ಲಿ ಹಿಡಿದರೆ ಸಾಕು, ಇಷ್ಟೇ ತೂಕ ಎಂದು ಹೇಳಿಬಿಡುತ್ತಿದ್ದೆ. ತಕ್ಕಡಿ ಬೇರೆ ಏನೋ ಹೇಳುತ್ತಿತ್ತು, ಆದರೆ ತಕ್ಕಡಿಗೆ ವಯಸ್ಸಾಗಿತ್ತು. ನಮ್ಮ ಬೀದಿಯ ಭಜನೆಯಲ್ಲಿ ತಾಳ ಹಾಕುವವನೂ ನಾನೇ. ಆದ್ದರಿಂದ ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ನನ್ನ ಬಾಮೈದ ಓಬಳೇಶ ದುಬೈಯಿಂದ ಅಂಗೈ ಅಗಲದ ವಿಡಿಯೋ ಗೇಮ್ ಒಂದನ್ನು ತಂದು, ಅದರ ಮೇಲೆ ಪಂದ್ಯ ಕಟ್ಟಿದಾಗ ನಾನು ಒಳಗೊಳಗೇ ನಕ್ಕೆ.

ಮೊದಲು ಆ ಯಂತ್ರದ ಪರಿಚಯ ಮಾಡಿಕೊಡಬೇಕು. ಅದರ ನಡುವೆ ಬೂದು ಬಣ್ಣದ ಗಾಜು. ಗಾಜಿನೊಳಗೆ ಒಂದು ತೆಂಗಿನಮರ, ಮರದ ಮೇಲೊಂದು ಕೋತಿ, ಕೆಳಗೆ ಬುಟ್ಟಿ ಹಿಡಿದ ಒಬ್ಬ ಬಡಪಾಯಿ. ಕೋತಿ ಕಾಯಿ ಎಸೆಯುತ್ತದೆ. ನಾವು ಎಡಗುಂಡಿ ಬಲಗುಂಡಿ ಒತ್ತಿ ಆ ಬಡಪಾಯಿಯನ್ನು ಆಚೆ ಈಚೆ ಓಡಿಸಿ ಕಾಯಿ ಹಿಡಿಸಬೇಕು. ಹಿಡಿದ ಕಾಯಿಗೊಂದು ಅಂಕ. ಮೂರು ಕಾಯಿ ನೆಲಕ್ಕೆ ಬಿದ್ದರೆ ಆಟ ಮುಗಿಯಿತು. ಅಂಕ ಎಷ್ಟಿತ್ತೋ ಅಷ್ಟು ಗಾಜಿನ ಮೂಲೆಯಲ್ಲಿ ನಿಂತುಕೊಳ್ಳುತ್ತದೆ. ಅಂಕ ಏರಿದ ಹಾಗೆಲ್ಲ ಕೋತಿಗೆ ಹುರುಪೂ ಏರುತ್ತದೆ. ಮೊದಮೊದಲು ಟಿಕ್... ಟಿಕ್... ಎಂದು ಬೀಳುತ್ತಿದ್ದ ಕಾಯಿ ಆಮೇಲೆ ಟಿಕ್‌ಟಿಕ್‌ಟಿಕ್ ಎಂದು ಸುರಿಯತೊಡಗುತ್ತದೆ. ನಡುವೆ ನಿಲ್ಲಿಸಿ ಉಸಿರು ಬಿಡೋಣವೆಂದರೆ ಅದಕ್ಕೊಂದು ಗುಂಡಿಯಿಲ್ಲ. ಸದ್ದು ಅಡಗಿಸೋಣವೆಂದರೆ ಅದಕ್ಕೂ ಇಲ್ಲ. ಈ ಎರಡು ಇಲ್ಲಗಳು ಸೇರಿ ನನ್ನ ಮಾನ ಕಳೆದವು.

ಪಂದ್ಯ ಏಕೆಂದರೆ, ಯಂತ್ರ ಒಂದು, ಓಬಳೇಶನಿಗೆ ಭಾವಂದಿರು ಇಬ್ಬರು. ಒಬ್ಬ ನಾನು. ಇನ್ನೊಬ್ಬ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿ ಸರೋಜಳ ಅಕ್ಕ ಲಲಿತಮ್ಮನ ಗಂಡ, ಸಿರಾದ ಕೊಬ್ಬರಿ ವ್ಯಾಪಾರಿ ತಿಪ್ಪೇಸ್ವಾಮಿ. ಪಾವಗಡದ ನಮ್ಮ ಮಾವನ ಮನೆಯಲ್ಲಿ ಒಂದು ಪದ್ಧತಿ ಬೇರೂರಿತ್ತು. ಮನೆಗೆ ಏನೇ ಬರಲಿ, ಸೀರೆಯಾಗಲಿ, ಸ್ಟೀಲಿನ ಡಬರಿಯಾಗಲಿ, ಮೊದಲು ಸಿರಾದವರ ಮುಂದೆ ಇಡುವುದು. ಅವರು ಆರಿಸಿಕೊಂಡ ಮೇಲೆ ಉಳಿದದ್ದು ಮಧುಗಿರಿಗೆ. ತಿಪ್ಪೇಸ್ವಾಮಿ ದೊಡ್ಡ ಅಳಿಯ, ಸ್ಕೂಟರ್ ಉಳ್ಳವನು, ಮಾತುಮಾತಿಗೂ 'ಬರೋಬ್ಬರಿ' ಎನ್ನುವವನು. ನಾನು ಚಿಕ್ಕ ಅಳಿಯ, ಬಸ್ಸಿನಲ್ಲಿ ಬರುವವನು. ಈ ಪದ್ಧತಿಯ ವಿರುದ್ಧ ಸರೋಜ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಆದರೆ ಈ ಸಲ ಓಬಳೇಶ, ಸಾವಿರ ಮುಟ್ಟಿಸಿದ ಭಾವನಿಗೆ ಯಂತ್ರ, ಇಬ್ಬರೂ ಮುಟ್ಟಿಸದಿದ್ದರೆ ಹೆಚ್ಚು ಮಾಡಿದವರಿಗೆ ಎಂದು ಸಾರಿದ ದಿನ ಅವಳು ನನ್ನನ್ನು ಅಡುಗೆಮನೆಗೆ ಕರೆದಳು.

"ಆಟದ ಸಾಮಾನು ಅಂತ ಅಸಡ್ಡೆ ಮಾಡ್ಬೇಡಿ ಕಣ್ರೀ. ಒಂದೇ ಒಂದ್ಸಲ ಅಕ್ಕನ ಮನೇಗೆ ಹೋಗ್ದಂಗೆ ನೇರ ನಮ್ಮನೇಗೆ ಏನಾದ್ರೂ ಬರ್ಲಿ. ನಂಗೆ ಅಷ್ಟೇ ಆಸೆ" ಎಂದಳು.

ನನಗೆ ಪಿಚ್ಚೆನಿಸಿತು. ಮದುವೆಯಾದಂದಿನಿಂದ ಅವಳು ನನ್ನನ್ನು ಕೇಳಿದ್ದು ಸೀಮೆಎಣ್ಣೆ, ತರಕಾರಿ, ಮತ್ತೆ ಸೀಮೆಎಣ್ಣೆ. ಇದೊಂದನ್ನು ತಂದುಕೊಡದಿದ್ದರೆ ನಾನೆಂಥ ಗಂಡ! ಎದೆ ತಟ್ಟಿಕೊಂಡು, ಸಾವಿರವಲ್ಲ, ಎರಡು ಸಾವಿರ ಮಾಡಿ ತೋರಿಸುತ್ತೇನೆ ಎಂದು ವಚನ ಕೊಟ್ಟುಬಿಟ್ಟೆ.

ಪದ್ಧತಿಯ ಪ್ರಕಾರ ಆಡುವ ಸರದಿಗೂ ಯಂತ್ರ ಮೊದಲು ಸಿರಾಕ್ಕೇ ಹೋಯಿತು. ವಾರ ಕಳೆದು ಸುದ್ದಿ ಬಂತು. ಎಂಟುನೂರ ಎಪ್ಪತ್ತೆರಡು! ಓಬಳೇಶನೇ ಕಣ್ಣಾರೆ ನೋಡಿ ಬಂದಿದ್ದ. ಹುಟ್ಟಿದಾಗಿನಿಂದ ತೆಂಗಿನಕಾಯಿಯ ನಡುವೆಯೇ ಬೆಳೆದವನು ತೆಂಗಿನಕಾಯಿ ಹಿಡಿಯುವುದರಲ್ಲಿ ಏನು ಹೆಚ್ಚುಗಾರಿಕೆ, ಇದು ನ್ಯಾಯವಾದ ಪಂದ್ಯವೇ ಅಲ್ಲ ಎಂದು ನಾನು ತಕರಾರು ತೆಗೆದೆ. ಓಬಳೇಶ ನಕ್ಕು ಯಂತ್ರವನ್ನು ನನ್ನ ಕೈಗಿಟ್ಟು, ಬರುವ ಭಾನುವಾರ ಸಂಜೆ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಮಧುಗಿರಿಯಲ್ಲಿಳಿದು ತೀರ್ಪು ಕೊಡುತ್ತೇನೆ, ಬೆಂಗಳೂರಿನಿಂದ ನೇರ ವಿಮಾನ ಎಂದು ಹೇಳಿ ಹೋದ.

ಆ ವಾರ ನಾನು ಪಟ್ಟ ಪಾಡನ್ನು ಯಾವ ತಪಸ್ವಿಯೂ ಪಟ್ಟಿರಲಾರ. ಡಿಪೋದಿಂದ ಬಂದವನೇ ಕೈಕಾಲು ತೊಳೆದು, ಯಂತ್ರಕ್ಕೆ ಒಂದು ಊದುಬತ್ತಿ ಬೆಳಗಿ, ಗೋಡೆಗೆ ಮುಖ ಮಾಡಿ ಕುಳಿತುಬಿಡುತ್ತಿದ್ದೆ. ನೂರರವರೆಗೆ ನಾನು ಸಿಂಹ. ಇನ್ನೂರಕ್ಕೆ ಬೆವರು. ಮುನ್ನೂರರ ಹತ್ತಿರ ಕೋತಿ ನನ್ನ ಮುಖ ನೋಡಿ ನಗುತ್ತಿರುವಂತೆ ಕಂಡು, ಸಿಟ್ಟಿನಲ್ಲಿ ಎಡ ಬಲ ಎರಡೂ ಗುಂಡಿ ಒಟ್ಟಿಗೆ ಒತ್ತಿ ಮೂರು ಕಾಯಿಗಳನ್ನೂ ನೆಲ ಕಾಣಿಸುತ್ತಿದ್ದೆ. ಸರೋಜ ನೋಡೋಣವೆಂದು ಕೈ ಚಾಚಿದರೆ, ಇದು ನಾಜೂಕಿನ ವಿದೇಶಿ ಯಂತ್ರ, ಒಗ್ಗರಣೆ ಕೈ ತಾಗಿದರೆ ಕೆಟ್ಟುಹೋಗುತ್ತದೆ ಎಂದು ಗದರಿ ಬೀರುವಿನ ಮೇಲೆ ಎತ್ತಿಡುತ್ತಿದ್ದೆ. ನಾನು ಡಿಪೋದಲ್ಲಿರುವಷ್ಟು ಹೊತ್ತೂ ಅದು ಅಲ್ಲಿಯೇ ಇರುತ್ತದೆಂದು ನನ್ನ ಭಾವನೆ. ಬೀರು ಎತ್ತರವಾಗಿತ್ತು ನಿಜ, ಆದರೆ ಮನೆಯಲ್ಲಿ ಒಂದು ಸ್ಟೂಲೂ ಇತ್ತು. ಅದು ನನಗೆ ಹೊಳೆಯಲಿಲ್ಲ.

ಭಾನುವಾರ ಬಂದೇಬಿಟ್ಟಿತು. ಅದೇ ದಿನ ನಮ್ಮ ಬೀದಿಯ ಭಜನೆ ಮಂದಿರದಲ್ಲಿ ಅಖಂಡ ಭಜನೆ. ಬೆಳಿಗ್ಗೆ ಸೂರ್ಯ ಹುಟ್ಟುವಾಗ ದೀಪ ಹಚ್ಚಿ ರಾಮನಾಮ ಹಿಡಿದರೆ ಸೂರ್ಯ ಮುಳುಗುವವರೆಗೆ ಒಂದು ಕ್ಷಣವೂ ನಿಲ್ಲುವಂತಿಲ್ಲ. ಒಂದೊಂದು ತಂಡ ಒಂದೊಂದು ಸರದಿ. ತಂಡ ಬದಲಾಗುವಾಗಲೂ, ಕೂತವರು ಹಾಡುತ್ತಿರುವಂತೆಯೇ ಬಂದವರು ದನಿ ಸೇರಿಸಬೇಕು; ಒಬ್ಬರ ಕೈಯ ತಾಳ ಇನ್ನೊಬ್ಬರ ಕೈಗೆ ಸದ್ದು ಮುರಿಯದಂತೆ ದಾಟಬೇಕು. ಮುರಿದರೆ ಅಖಂಡಕ್ಕೆ ಭಂಗ. ನಮ್ಮ ಮಂದಿರದಲ್ಲಿ ಅಂಥ ಭಂಗ ಯಾವತ್ತೂ ಆದದ್ದಿಲ್ಲವೆಂದು ಮಂಡಳಿಯ ಹಿರಿಯರಾದ ಹನುಮಂತರಾಯಪ್ಪನವರು ವರ್ಷವರ್ಷವೂ ಹೆಮ್ಮೆಯಿಂದ ಹೇಳುತ್ತಿದ್ದರು. ಬೆಲ್ಲದ ವ್ಯಾಪಾರಿ, ಆದರೆ ನಾಲಿಗೆಯಲ್ಲಿ ಬೆಲ್ಲದ ಸುಳಿವಿಲ್ಲ. ಅವರೆಂದರೆ ಇಡೀ ಬೀದಿಗೆ ಭಯ.

ನನ್ನ ಸರದಿ ಕೊನೆಯದು, ಇಳಿಹೊತ್ತಿನಲ್ಲಿ. ಅಲ್ಲಿಯವರೆಗೆ ಸಮಯವಿದೆಯಲ್ಲ ಎಂದು ಊಟ ಮುಗಿಸಿ, ಮಡಿ ಪಂಚೆಯುಟ್ಟು ಕಡೆಯ ಯತ್ನಕ್ಕೆ ಕುಳಿತೆ. ಆಟದ ಮೇಲೆ ಆಟ ಹಾಳಾಯಿತು. ಬಿಸಿಲು ಇಳಿಯಿತು. ಆಗ ಹಿಡಿದ ಒಂದು ಆಟ ಮಾತ್ರ, ರಾಮನ ಕೃಪೆಯೋ ಮಡಿಯ ಮಹಿಮೆಯೋ, ಸರಾಗವಾಗಿ ಏರತೊಡಗಿತು. ಮುನ್ನೂರು ದಾಟಿತು. ಒಂದು ಕಾಯಿಯೂ ಬಿದ್ದಿರಲಿಲ್ಲ! ಅಷ್ಟರಲ್ಲಿ ಸರೋಜ ಬಂದು ಭಜನೆಗೆ ಹೊತ್ತಾಯಿತು, ಏಳಿ ಎಂದಳು. ನಿಲ್ಲಿಸುವ ಗುಂಡಿ ಇಲ್ಲ ಕಣೇ ಎಂದು ಗೋಳಾಡಿದೆ. ಭಜನೆ ನಿಲ್ಲುವಂತಿಲ್ಲ, ಕೋತಿಯೂ ನಿಲ್ಲುವುದಿಲ್ಲ. ನಡುವೆ ನಾನು.

ಕೊನೆಗೆ ಸರೋಜಳೇ ಉಪಾಯ ಹೇಳಿದಳು. ನನ್ನ ಮೊಣಕೈ ಹಿಡಿದು ಬೀದಿಗೆ ಇಳಿಸಿದಳು. ನಾನು ಗಾಜಿನಿಂದ ಕಣ್ಣು ತೆಗೆಯದೆ ಗುಂಡಿ ಒತ್ತುತ್ತಾ ನಡೆದೆ. ಅವಳು ಪಕ್ಕದಲ್ಲಿ, ಚರಂಡಿ ಬಂತು ಕಾಲೆತ್ತಿ, ಎಮ್ಮೆ ಮಲಗಿದೆ ಬಲಕ್ಕೆ ಬನ್ನಿ ಎನ್ನುತ್ತಾ ನಡೆಸಿದಳು. ಜಗುಲಿಯ ಮೇಲೆ ಕೂತಿದ್ದ ಅಜ್ಜಿಯೊಂದು ಮರುಕದಿಂದ, "ಏನವ್ವಾ, ಯಜಮಾನ್ರಿಗೆ ಕಣ್ಣು ಓದ್ವಾ?" ಎಂದು ಕೇಳಿತು.

"ಕಣ್ಣು ಸರ್ಯಾಗೇ ಐತೆ ಕಣಜ್ಜಿ. ಮಿಕ್ಕಿದ್ದು ಹೆಂಗೋ ಗೊತ್ತಿಲ್ಲ" ಎಂದಳು ಸರೋಜ.

ಮಂದಿರದ ಬಾಗಿಲಲ್ಲಿ ಅವಳು ನನ್ನ ಶಾಲನ್ನು ಕೈಗಳ ಮೇಲೆ ಹೊದಿಸಿ, ಅಂಚನ್ನು ಕುತ್ತಿಗೆಯ ಹಿಂದೆ ಸಿಕ್ಕಿಸಿ, ತಾನು ಹೆಂಗಸರ ಕಡೆ ಹೋಗಿ ಕುಳಿತಳು. ನಾನು ಶಾಲಿನೊಳಗೆ ಕೋತಿ ಹೊತ್ತು ಗಂಡಸರ ಮುಂದಿನ ಸಾಲಿಗೆ ಬಂದೆ. ಶಾಲಿನ ಸಂದಿನಿಂದ ಗಾಜು ಕಾಣಬೇಕಾದ್ದರಿಂದ ತಲೆ ಬಗ್ಗಿಸಿಯೇ ಕೂರಬೇಕಿತ್ತು. ಯಾರೋ ತಾಳ ಕೊಡಲು ಬಂದರು, ಕೈ ಉಳುಕಿದೆ ಎಂದು ಕಣ್ಸನ್ನೆ ಮಾಡಿದೆ. ತಾಳ ಪಕ್ಕದವನಿಗೆ ಹೋಯಿತು.

ತಲೆ ತಗ್ಗಿದೆ, ಕೈ ಶಾಲಿನೊಳಗಿದೆ, ಹೆಬ್ಬೆರಳು ಮಾತ್ರ ಬಿಡದೆ ಆಡುತ್ತಿದೆ. ನೋಡಿದವರು ಏನೆಂದುಕೊಳ್ಳಬೇಕು? ಜಪ! ಶಾಲಿನ ಮರೆಯಲ್ಲಿ ನಾನು ಜಪಸರ ಎಣಿಸುತ್ತಿದ್ದೇನೆ ಎಂದೇ ಎಲ್ಲರೂ ತಿಳಿದರು. ಹನುಮಂತರಾಯಪ್ಪನವರು ನನ್ನನ್ನು ಅಂಥ ಗೌರವದಿಂದ ನೋಡಿದ್ದು ಅದೇ ಮೊದಲು. ಹತ್ತಿರ ಸರಿದು ಕಿವಿಯಲ್ಲಿ ಎಷ್ಟಾಯಿತು ಎಂದು ಕೇಳಿದರು. ಸುಳ್ಳಾಡುವುದಕ್ಕೂ ಪುರುಸೊತ್ತಿರಲಿಲ್ಲ. ಮುನ್ನೂರ ಎಂಬತ್ತು ಎಂದೆ.

"ಸಾವ್ರ ಮಾಡ್ದೆ ಏಳ್‌ಬ್ಯಾಡ ಕಣಪ್ಪ. ಇಡ್ದಿದ್ದನ್ನ ನಡುವೆ ಬುಟ್‌ಬುಟ್ರೆ ಒಳ್ಳೇದಲ್ಲ" ಎಂದು ನನ್ನ ಬೆನ್ನು ಸವರಿದರು. ಪಕ್ಕದವರಿಗೂ ಹೇಳಿದರು, ನಮ್ಮ ಡಿಪೋ ಗುಮಾಸ್ತರು ಸಾವಿರ ಜಪಕ್ಕೆ ಕೂತಿದ್ದಾರೆ, ಯಾರೂ ಮಾತಾಡಿಸಬೇಡಿ ಎಂದು. ಸುದ್ದಿ ಹೆಂಗಸರ ಕಡೆಗೂ ಹೋಯಿತು. ಯಾರೋ ಬಂದು ನನ್ನ ಮುಂದೆ ಒಂದು ತುಪ್ಪದ ದೀಪ ಇಟ್ಟು ಹೋದರು.

ನಾಚಿಕೆಯಾಯಿತು. ಆದರೆ ನಾಚಿಕೊಳ್ಳಲು ಕೋತಿ ಬಿಡಬೇಕಲ್ಲ! ಕಾಯಿ ಸುರಿಯುತ್ತಿತ್ತು. ಟಿಕ್‌ಟಿಕ್ ಸದ್ದು ಶಾಲು ದಾಟಿ ಪಕ್ಕದ ತಾಳದವನ ಕಿವಿ ಸೇರಿತು. ಅವನು ಪಾಪ, ಹೊಸಬ. ಲಯ ಹಿಡಿಯಲು ಏನಾದರೊಂದು ಆಸರೆ ಬೇಕಿತ್ತು. ಟಿಕ್‌ಟಿಕ್‌ಗೆ ಸರಿಯಾಗಿ ತಾಳ ಹಾಕತೊಡಗಿದ. ತಾಳದ ಹಿಂದೆ ಹಾರ್ಮೋನಿಯಂ, ಹಾರ್ಮೋನಿಯಂ ಹಿಂದೆ ಇಡೀ ಮಂದಿರ. ನಾನು ಚೆನ್ನಾಗಿ ಆಡಿದಷ್ಟೂ ಕೋತಿಯ ವೇಗ ಏರಿತು, ಕೋತಿಯ ವೇಗ ಏರಿದಷ್ಟೂ ರಾಮನಾಮದ ವೇಗ ಏರಿತು. ನಾನೂರರ ಹೊತ್ತಿಗೆ ಹಾಡು ಓಟವಾಗಿತ್ತು. ಮುದುಕರು 'ರಾ' ಮಾತ್ರ ಹೇಳಿ 'ಮ'ವನ್ನು ಕಿರಿಯರಿಗೆ ಬಿಟ್ಟರು. ಹಾರ್ಮೋನಿಯಂನವನು ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿದ. ಹನುಮಂತರಾಯಪ್ಪನವರಿಗೆ ಏದುಸಿರು ಬಂತು. ಆದರೆ ನಿಲ್ಲಿಸುವಂತಿಲ್ಲ, ಅಖಂಡ!

ಅವರ ಆ ಏದುಸಿರು ನೋಡಲು ಅರೆಕ್ಷಣ ಕಣ್ಣೆತ್ತಿದೆ. ಒಂದು ಕಾಯಿ ಬಿತ್ತು. ಬಿದ್ದ ಕಾಯಿಗೆ ಆ ಯಂತ್ರ ಇಟ್ಟುಕೊಂಡಿದ್ದ ಸದ್ದೇ ಬೇರೆ, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ 'ಕೀಂಯ್' ಎಂದಿತು. ನಾನು ಬೆಚ್ಚಿದೆ, ಶಾಲು ಜಾರಿತು, ಇನ್ನೊಂದು ಕಾಯಿಯೂ ಬಿತ್ತು. ಇನ್ನೊಮ್ಮೆ 'ಕೀಂಯ್'. ಈಗ ಮುಂದಿನ ಸಾಲಿಗೆಲ್ಲ ನನ್ನ ಜಪಸರ ಕಾಣಿಸಿತು.

ಹನುಮಂತರಾಯಪ್ಪನವರು ರಾಮನಾಮದ ನಡುವೆಯೇ ಬಾಯಿ ಹಾಕಿ, "ಏನಪ್ಪ ಅದು?" ಎಂದರು. "ಕೋತಿ" ಎಂದೆ. ಅವರು ಬಗ್ಗಿ ನೋಡಿದರು. ಇನ್ನೇನು ನನ್ನನ್ನು ಎತ್ತಿ ಹೊರಗೆ ಹಾಕಿಸುತ್ತಾರೆಂದು ನಾನು ಕಾದೆ. ಅವರು ಹಾಡುತ್ತಲೇ ಕನ್ನಡಕ ಏರಿಸಿಕೊಂಡು ಇನ್ನೂ ಬಗ್ಗಿದರು. ಮರದ ಮೇಲಿದ್ದದ್ದು ಸಾಕ್ಷಾತ್ ಕೋತಿಯೇ ಆಗಿತ್ತು. ರಾಮನ ಮಂದಿರದಲ್ಲಿ ಕೋತಿಯನ್ನು ಹೊರಗೆ ಹಾಕುವುದಾದರೂ ಹೇಗೆ ಎಂದು ಅವರಿಗೆ ಹೊಳೆಯಿತೋ ಏನೋ, "ಸಾವ್ರ ಅಂದಿದ್ನಲ್ಲ, ಮುಗ್ಸು" ಎಂದು ಹಾಡಿಗೆ ಮರಳಿದರು.

ಮುಗಿಸುವುದೆಲ್ಲಿಂದ ಬಂತು! ಇನ್ನೊಂದೇ ಕಾಯಿ ಬಿದ್ದರೆ ಎಲ್ಲ ಮುಗಿಯಿತು. ನಾನೂರ ಹನ್ನೆರಡು. ತಿಪ್ಪೇಸ್ವಾಮಿಯ ಅರ್ಧವೂ ಇಲ್ಲ. ಕಣ್ಣು ಮಂಜಾಯಿತು. ಆಗ ಪಕ್ಕದಿಂದ ಬಳೆಯ ಕೈಯೊಂದು ಬಂತು. ಸರೋಜ! ನನ್ನ ಬಲ ಹೆಬ್ಬೆರಳು ಗುಂಡಿಯ ಮೇಲಿರುವಾಗಲೇ ತನ್ನ ಹೆಬ್ಬೆರಳು ಸೇರಿಸಿದಳು, ಆಮೇಲೆ ಎಡಗಡೆ. ತಾಳ ಕೈ ದಾಟುತ್ತದಲ್ಲ, ಅದೇ ಕ್ರಮ. ಒಂದು ಟಿಕ್ಕೂ ತಪ್ಪಲಿಲ್ಲ. ಯಂತ್ರ ತೆಗೆದುಕೊಂಡು ಹೋಗಿ, ಗಾಜು ನಮಗೂ ಕಾಣುವಷ್ಟು ಹತ್ತಿರ, ಹೆಂಗಸರ ಸಾಲಿನ ಅಂಚಿನಲ್ಲಿ ಕುಳಿತು, ಬಾಯಲ್ಲಿ ರಾಮನಾಮ ಹೇಳುತ್ತಲೇ ಕಾಯಿ ಹಿಡಿಯತೊಡಗಿದಳು.

ನಾನು ಬಾಯಿ ತೆರೆದು ನೋಡಿದೆ. ಐನೂರು. ಆರುನೂರು. ಅವಳ ಮುಖದಲ್ಲಿ ಅಕ್ಕಿ ಆರಿಸುವಾಗಿನ ನೆಮ್ಮದಿ. ಒಂದು ವಾರದಿಂದ ಮಧ್ಯಾಹ್ನವೆಲ್ಲ ಆ ಸ್ಟೂಲು ಎಲ್ಲಿರುತ್ತಿತ್ತೆಂದು ಆಗ ನನಗೆ ಅರ್ಥವಾಯಿತು. ಎಂಟುನೂರ ಎಪ್ಪತ್ತೆರಡು ದಾಟಿದಾಗ ಅವಳು ಒಮ್ಮೆ ಮಾತ್ರ ತಲೆಯೆತ್ತಿ ನನ್ನತ್ತ ನೋಡಿದಳು. ಆ ನೋಟ ಕಂಡು ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಅಲ್ಲಿಗೇ ಸುಮ್ಮನೆ ಕೂತಿದ್ದರೆ ಈ ಕಥೆಯಲ್ಲಿ ನಾನೂ ಮರ್ಯಾದಸ್ಥನಾಗಿಯೇ ಉಳಿಯುತ್ತಿದ್ದೆ.

ಆದರೆ ಒಂಬೈನೂರ ತೊಂಬತ್ತಕ್ಕೆ ನನ್ನೊಳಗಿನ ಅಳಿಯ ಎದ್ದು ಕೂತ. ಸಾವಿರ ಮುಟ್ಟಿಸಿದ ಭಾವನಿಗೆ ಎಂದಲ್ಲವೇ ಓಬಳೇಶ ಹೇಳಿದ್ದು? ಸಾವಿರದ ಕಾಯಿ ಅಳಿಯನ ಕೈಯಿಂದಲೇ ಬೀಳಬೇಡವೇ, ಅಂದರೆ ಹಿಡಿಯಬೇಡವೇ? ಹಾಡುತ್ತಿದ್ದ ಹೆಂಗಸರ ಸಾಲಿನ ಅಂಚಿಗೆ ಮಂಡಿಯೂರಿ ಸರಿದು ಕೈ ಚಾಚಿದೆ. ಸರೋಜ ತಲೆಯಾಡಿಸಿ ಬೇಡವೆಂದಳು. ನಾನು ಬಿಡಲಿಲ್ಲ. ಅವಳು ನಿಟ್ಟುಸಿರು ಬಿಟ್ಟು, ಹೆಬ್ಬೆರಳ ಪಕ್ಕ ಹೆಬ್ಬೆರಳಿಡಲು ಜಾಗ ಕೊಟ್ಟಳು.

ಒಂಬೈನೂರ ತೊಂಬತ್ತೈದು. ತೊಂಬತ್ತೇಳು. ತೊಂಬತ್ತೆಂಟು. ತೊಂಬತ್ತೊಂಬತ್ತು! ಇಡೀ ಮಂದಿರ ಹಾಡುತ್ತಲೇ ನನ್ನ ಕೈ ನೋಡುತ್ತಿತ್ತು. ಕೋತಿ ಕಾಯಿ ಎಸೆಯಿತು. ಬಲಗುಂಡಿ ಒತ್ತಿದೆ. ಕಾಯಿ ಬುಟ್ಟಿಗೆ ಬಿತ್ತು. ಗಾಜಿನ ಮೂಲೆ ನೋಡಿದೆ.

ಸೊನ್ನೆ.

"ಅಯ್ಯಯ್ಯೋ!" ಎಂದು ನಾನು ಕಿರುಚಿದ ಕಿರುಚು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತಂತೆ. ತಾಳದವನ ಕೈಯಿಂದ ತಾಳ ಜಾರಿತು, ಹಾರ್ಮೋನಿಯಂ ಕೊಯ್ ಎಂದು ಬಾಯಿ ಮುಚ್ಚಿತು, ಗಂಡಸರ ಕಡೆ ಹಾಡು ನಿಂತೇಹೋಯಿತು. ಹನುಮಂತರಾಯಪ್ಪನವರ ಮುಖ ಬಿಳಿಚಿತು. ಅಖಂಡ ಮುರಿಯಿತೆಂದೇ ಎಲ್ಲರೂ ಎದೆ ಹಿಡಿದುಕೊಂಡರು. ಮುರಿದಿರಲಿಲ್ಲ. ಹೆಂಗಸರ ಕಡೆಯಿಂದ ಒಂದೇ ಒಂದು ದನಿ ರಾಮನಾಮ ಹಿಡಿದುಕೊಂಡಿತ್ತು. ಸರೋಜ ಕೈಯಲ್ಲೇ ತಾಳ ತಟ್ಟುತ್ತಾ, ನನ್ನನ್ನು ಸುಟ್ಟುಬಿಡುವ ಹಾಗೆ ನೋಡುತ್ತಾ, ಹಾಡುತ್ತಿದ್ದಳು. ಉಳಿದವರು ಅವಳ ದನಿಗೆ ದನಿ ಸೇರಿಸಿ ದಡ ಸೇರಿದರು.

ಇತ್ತ ನನ್ನ ಬೆರಳುಗಳು ಅಭ್ಯಾಸಬಲದಿಂದ ಇನ್ನೂ ನಾಲ್ಕು ಕಾಯಿ ಹಿಡಿದು, ಐದನೆಯದನ್ನು ಬಿಟ್ಟವು. 'ಕೀಂಯ್'. ಆಟ ಮುಗಿಯಿತು. ಅದೇ ಹೊತ್ತಿಗೆ, ಮನೆಗೆ ಬೀಗ ಕಂಡು ಹುಡುಕುತ್ತಾ ಬಂದ ಓಬಳೇಶ ಮಂದಿರದ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ.

ಮಂಗಳಾರತಿ ಆಗುವವರೆಗೆ ಸುಮ್ಮನಿದ್ದು, ಆಮೇಲೆ ಯಂತ್ರ ಈಸಿಕೊಂಡು ನೋಡಿದ. ಅವನಿಗೆ ಆಶ್ಚರ್ಯವಾದಾಗ ಪಾವಗಡದ ತೆಲುಗು ತಾನಾಗಿ ಬರುತ್ತಿತ್ತು.

"ನಾಲುಗೇನಾ ಬಾವಾ?" ಎಂದ. ನಾಲ್ಕೇನಾ ಎಂದು.

ನಾನು ಆವೇಶದಿಂದ ವಾದ ಮಂಡಿಸಿದೆ. ಸಾವಿರ ಆಯಿತು, ಯಂತ್ರ ಕೆಟ್ಟಿದೆ, ಸಾವಿರದ ನಾಲ್ಕು ಎಂದು ಬರೆದುಕೊಳ್ಳಬೇಕು ಎಂದೆ. ಓಬಳೇಶ ಗಾಜಿನ ಮೂಲೆಯನ್ನು ಬೆರಳಿನಿಂದ ತಟ್ಟಿ, ಇದರಲ್ಲಿ ಅಂಕಿಗೆ ಇರುವುದೇ ಮೂರು ಮನೆ, ನಾಲ್ಕನೆಯ ಅಂಕಿ ಎಲ್ಲಿ ಕೂರಬೇಕು ಬಾವಾ ಎಂದು ಕೇಳಿದ. ಎಲ್ಲರೂ ಬಗ್ಗಿ ನೋಡಿದರು. ಮೂರೇ ಮನೆ. ಪಂದ್ಯ ಕಟ್ಟಿದ ಅವನಿಗೂ ಅದು ಆಗಲೇ ಹೊಳೆದದ್ದು. ಪಾವಗಡ, ಸಿರಾ, ಮಧುಗಿರಿ ಮೂರು ಊರಿನಲ್ಲೂ ಯಾರೊಬ್ಬರೂ ಆ ಮನೆಗಳನ್ನು ಎಣಿಸಿ ನೋಡಿರಲಿಲ್ಲ. ನಾನಂತೂ ಎಣಿಸುವುದಕ್ಕೇ ಸಂಬಳ ತೆಗೆದುಕೊಳ್ಳುವವನು.

ಸರೋಜ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಗಾಜಿನಲ್ಲಿ ನಿಂತದ್ದೇ ಲೆಕ್ಕವಾದರೆ ಯಂತ್ರ ಸಿರಾಕ್ಕೇ ಹೋಗಬೇಕು. ಕೈಗೆ ಬಂದದ್ದನ್ನು ನಾನೇ ಕಿತ್ತು ಚೆಲ್ಲಿದ್ದೆ. ಆಗ ಹನುಮಂತರಾಯಪ್ಪನವರು ಕೆಮ್ಮಿ ಮುಂದೆ ಬಂದರು.

"ಇಲ್ನೋಡಪ್ಪ, ದೇವ್ರ ಮುಂದೆ ನಿಂತು ಏಳ್ತಾ ಇವ್ನಿ. ಈಯಮ್ಮ ಒಂಬೈನೂರ ತೊಂಬತ್ತು ಮಾಡಿದ್ದನ್ನ ನಾನು ಕಣ್ಣಾರೆ ಕಂಡಿವ್ನಿ. ನಮ್ಮ ಅಖಂಡನೂ ಇವಳೇ ಉಳಿಸಿದ್ದು. ಯಜಮಾನ್ರು ಮಾಡಿದ್ದು ನಾಲ್ಕು. ಅದ್ನೂ ಕಂಡಿವ್ನಿ."

ನನ್ನ ಮೊದಲಿನ ನಾನೂರ ಹನ್ನೆರಡು ಎಲ್ಲಿ ಹೋಯಿತೆಂದು ಕೇಳಲು ಬಾಯಿ ತೆರೆದೆ. ಸರೋಜ ನನ್ನತ್ತ ನೋಡಿದಳು. ಬಾಯಿ ಮುಚ್ಚಿದೆ.

ಓಬಳೇಶ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ಸರೋಜಳ ಕೈಗಿಟ್ಟ. "ಭಾವಂದಿರಿಗೆ ಅಂದಿದ್ದೇ ನಂದು ತಪ್ಪು. ತಗೋ ಅಕ್ಕ, ಇದು ನಿಂದೇ" ಎಂದು ಬಸ್ಸಿಗೆ ಓಡಿದ. ಸರೋಜ ಅದನ್ನು ಕಣ್ಣಿಗೊತ್ತಿಕೊಂಡಳು. ಮುಂದಿನ ಹಬ್ಬಕ್ಕೆ ಪಾವಗಡಕ್ಕೆ ಹೋದಾಗ ತಿಪ್ಪೇಸ್ವಾಮಿಯ ಎದುರಿಗೇ ಕುಳಿತು, ಲಲಿತಮ್ಮನೊಡನೆ ಹರಟುತ್ತಲೇ ಎಂಟುನೂರ ಎಪ್ಪತ್ತೆರಡನ್ನು ದಾಟಿಸಿದಳು. ಅವನು ಬರೋಬ್ಬರಿ ಎನ್ನುವುದನ್ನೂ ಮರೆತ.

ಆಮೇಲೆ ಆ ಕೋತಿ ಬಹಳ ವರ್ಷ ನಮ್ಮ ಮನೆಯಲ್ಲೇ ಇತ್ತು. ಸಂಜೆ ಅಡುಗೆಯಾದ ಮೇಲೆ ಸರೋಜ ಹಿತ್ತಿಲ ಮೆಟ್ಟಿಲ ಮೇಲೆ ಆಡಲು ಕೂರುತ್ತಿದ್ದಳು. ಪಾತ್ರೆಗಳು ಕ್ರಮೇಣ ನನ್ನ ಪಾಲಿಗೆ ಬಂದವು. ಯಂತ್ರ ಮುಟ್ಟಲು ನನಗೆ ಅನುಮತಿ ಇರಲಿಲ್ಲ, ಒಂದು ಸಂದರ್ಭ ಬಿಟ್ಟು. ಒಂಬೈನೂರ ತೊಂಬತ್ತೊಂಬತ್ತು ಆದ ಕೂಡಲೇ ಅವಳು ಅಲ್ಲಿಂದಲೇ ಕೂಗುತ್ತಿದ್ದಳು: "ರೀ, ಬೇಗ ಬನ್ನಿ, ಸೊನ್ನೆ ಮಾಡೋ ಹೊತ್ತಾಯ್ತು."

ನಾನು ಪಾತ್ರೆ ಬಿಟ್ಟು, ಕೈ ಒರೆಸಿಕೊಂಡು ಓಡುತ್ತಿದ್ದೆ.